ಹಳೆಯ ಪಿಸ್ತೂಲು, ಹೊಸ ಒರೆ

ಸವದತ್ತಿ ತಾಲೂಕಿನ ಮುನವಳ್ಳಿಯಿಂದ ವಾಚಕರೊಬ್ಬರು ದೀರ್ಘವಾದ ಪತ್ರವೊಂದನ್ನು ಬರೆದಿದ್ದಾರೆ. ಅವರದು ದಲಾಲಿ ಅಂಗಡಿಯ ವ್ಯವಹಾರ. ವಾರದಲ್ಲಿ ಎರಡು ಮೂರು ದಿನ ಬೈಲಹೊಂಗಲದಿಂದಲೋ ಯರಗಟ್ಟಿಯಿಂದಲೋ ಹಣದ ಚೀಲದೊಡನೆ ಕತ್ತಲಾದ ಮೇಲೆ ಮರಳಬೇಕಾಗುತ್ತದೆ. ಬಹಳ ದಿನ ಕಚೇರಿಗಳಿಗೆ ಅಲೆದು ಪಿಸ್ತೂಲಿನ ಪರವಾನಿಗೆಯನ್ನು ಪಡೆದಿದ್ದಾರೆ. ಈಗ ಬೆಳಗಾವಿಯ ನಿವೃತ್ತ ಸೇನಾಧಿಕಾರಿಗಳೊಬ್ಬರು ತಮ್ಮಲ್ಲಿರುವ ಹಳೆಯ ಉಕ್ಕಿನ ಪಿಸ್ತೂಲನ್ನು ಮಾರಲು ಸಿದ್ಧರಿದ್ದಾರಂತೆ. "ಹಳೆಯದಾದರೂ ಗಟ್ಟಿ ವಸ್ತು. ಕೊಳ್ಳಬಹುದೇ? ಕೊಂಡರೆ ಎಂಥ ಒರೆಯಲ್ಲಿಡಬೇಕು? ನಾನು ಧೋತರ ಉಡುವವನು" ಎಂಬುದು ಅವರ ಪ್ರಶ್ನೆ. ಪತ್ರದ ಕೊನೆಯಲ್ಲಿ ಅವರ ಧರ್ಮಪತ್ನಿಯವರು ಬೇರೆ ಮಸಿಯಲ್ಲಿ ಒಂದು ಸಾಲನ್ನು ಸೇರಿಸಿದ್ದಾರೆ: "ಮನೆಯಲ್ಲಿ ಆರು ವರ್ಷದ ಮೊಮ್ಮಗನಿದ್ದಾನೆ. ಅದನ್ನೂ ಲಕ್ಷ್ಯದಲ್ಲಿಟ್ಟು ಉತ್ತರ ಬರೆಯಬೇಕು."

ಆಯುಧವನ್ನು ಇಟ್ಟುಕೊಳ್ಳಬೇಕೇ ಬೇಡವೇ ಎಂಬ ವಿಚಾರವನ್ನು ಪರವಾನಿಗೆ ಕೊಟ್ಟ ಅಧಿಕಾರಿಗಳು ಆಗಲೇ ನಿರ್ಣಯಿಸಿರುವುದರಿಂದ ಆ ವಾದಕ್ಕೆ ನಾನು ಇಳಿಯುವುದಿಲ್ಲ. ಫೋನಿನ ಮೂಲಕವೇ ಹಣ ಸಂದಾಯವಾಗುವ ಈ ದಿನಗಳಲ್ಲಿ ಚೀಲವನ್ನೇ ಹಗುರಮಾಡಿಕೊಳ್ಳುವುದೂ ಒಂದು ರಕ್ಷಣೆಯೇ ಎಂದಷ್ಟೇ ಹೇಳಿ ಮುಂದುವರಿಯುತ್ತೇನೆ.

ಮುನವಳ್ಳಿಯ ಸುತ್ತಲಿನ ಸೀಮೆಗೂ ಬಂದೂಕಿನ ಕಾನೂನಿಗೂ ಹಳೆಯ ನಂಟಿದೆ. ೧೮೦೦ನೆಯ ಇಸವಿಯ ಜುಲೈ ೩೦ರಂದು ಧೋಂಡಿಯಾ ವಾಘನ ಪಾಳೆಯವನ್ನು ಕರ್ನಲ್ ವೆಲ್ಲೆಸ್ಲಿ ಮುರಿದದ್ದು ಇದೇ ಮುನವಳ್ಳಿಯ ಬಳಿ, ಮಲಪ್ರಭೆಯ ದಡದಲ್ಲಿ. ಈತನೇ ಮುಂದೆ ವೆಲಿಂಗ್‌ಟನ್ನಿನ ಡ್ಯೂಕನಾಗಿ ವಾಟರ್‌ಲೂ ಯುದ್ಧವನ್ನು ಗೆದ್ದವನು. ೧೮೨೪ರ ಅಕ್ಟೋಬರ್ ೨೩ರಂದು ಕಿತ್ತೂರಿನಲ್ಲಿ ಥ್ಯಾಕರೆ ಬಿದ್ದದ್ದು ಅಮಟೂರು ಬಾಳಪ್ಪನ ಗುಂಡಿಗೆ ಎಂದು ನಾಡಿನ ಜನ ಇಂದಿಗೂ ಹೇಳುತ್ತಾರೆ. ೧೮೫೭ರಲ್ಲಿ ಇಂಗ್ಲಿಷರು ಜನರ ಕೈಯಿಂದ ಆಯುಧಗಳನ್ನು ಕಸಿದುಕೊಳ್ಳುವ ಶಾಸನವನ್ನು ತಂದಾಗ ಮುಧೋಳ ಸಂಸ್ಥಾನದ ಹಳಗಲಿಯ ಬೇಡರು ತಮ್ಮ ಹತಾರಗಳನ್ನು ಕೊಡಲು ಒಪ್ಪಲಿಲ್ಲ. ನವೆಂಬರ್ ತಿಂಗಳ ಕೊನೆಯಲ್ಲಿ ದಂಡು ಬಂದು ಊರನ್ನೇ ಸುಟ್ಟಿತು. ಡಿಸೆಂಬರಿನಲ್ಲಿ ಹತ್ತೊಂಬತ್ತು ಮಂದಿಯನ್ನು ಗಲ್ಲಿಗೇರಿಸಿತು. ಮರುವರ್ಷ ಮೇ ತಿಂಗಳಲ್ಲಿ ನರಗುಂದದ ಬಾಬಾಸಾಹೇಬನ ಕಡೆಯವರು ರಾಮದುರ್ಗದ ಹತ್ತಿರದ ಸುರೇಬಾನದಲ್ಲಿ ಮ್ಯಾನ್ಸನ್ನನನ್ನು ಕೊಂದರು. ೧೮೭೮ರ ಆಯುಧ ಶಾಸನವು ಈ ಎಲ್ಲ ಭಯದ ಫಲ. ಬಿಳಿಯನಿಗೆ ವಿನಾಯತಿ, ಕರಿಯನಿಗೆ ಪರವಾನಿಗೆ ಎಂಬುದು ಅದರ ನೀತಿಯಾಗಿತ್ತು. ಸ್ವತಂತ್ರ ಭಾರತವು ಆ ಭೇದವನ್ನು ತೆಗೆದುಹಾಕಿ ೧೯೫೯ರಲ್ಲಿ ತನ್ನದೇ ಆದ ಶಾಸನವನ್ನು ಮಾಡಿತು. ಇಂದು ನಡೆಯುತ್ತಿರುವುದು ಆ ಶಾಸನವೇ. ಅದರ ಕೆಳಗಿನ ನಿಯಮಗಳು ಮಾತ್ರ ೨೦೧೬ರಲ್ಲಿ ಹೊಸದಾಗಿ ಬಂದವು. ಶಾಸನಕ್ಕೂ ೨೦೧೯ರಲ್ಲಿ ದೊಡ್ಡ ತಿದ್ದುಪಡಿಯಾಯಿತು.

ಇಷ್ಟನ್ನು ಹೇಳಿದ ಕಾರಣವೇನೆಂದರೆ, ಹಳೆಯ ಪಿಸ್ತೂಲನ್ನು ಕೊಳ್ಳುವವನು ಮೊದಲು ಕೊಳ್ಳಬೇಕಾದದ್ದು ಕಾಗದಪತ್ರವನ್ನು, ಕಬ್ಬಿಣವನ್ನು ಆಮೇಲೆ. ಹಳೆಯ ಸೈಕಲ್ಲನ್ನೋ ಹೊಲಿಗೆಯ ಯಂತ್ರವನ್ನೋ ಕೊಂಡಂತೆ ಹಣ ಕೊಟ್ಟು ವಸ್ತುವನ್ನು ಚೀಲಕ್ಕೆ ಹಾಕಿಕೊಂಡು ಬರುವ ವ್ಯಾಪಾರ ಇದಲ್ಲ. ಪರವಾನಿಗೆದಾರನೊಬ್ಬನು ತನ್ನ ಸ್ವಂತ ಬಳಕೆಯ ಆಯುಧವನ್ನು ಇನ್ನೊಬ್ಬ ಪರವಾನಿಗೆದಾರನಿಗೆ ಮಾರಬಹುದು. ಆದರೆ ಮಾರುವವನು ತನ್ನ ಉದ್ದೇಶವನ್ನೂ ಕೊಳ್ಳುವವನ ಹೆಸರು ವಿಳಾಸಗಳನ್ನೂ ಜಿಲ್ಲಾ ದಂಡಾಧಿಕಾರಿಗಳಿಗೆ ಅಥವಾ ಹತ್ತಿರದ ಪೊಲೀಸ್ ಠಾಣೆಗೆ ಬರಹದ ಮೂಲಕ ತಿಳಿಸಬೇಕು. ತಿಳಿಸಿದ ಮೇಲೆ ೪೫ ದಿನಗಳು ಕಳೆಯಬೇಕು. ಅದಕ್ಕೆ ಮೊದಲು ಪಿಸ್ತೂಲು ಕೈಬದಲಾಗತಕ್ಕದ್ದಲ್ಲ. "ಇರಲಿ ತಗೊಂಡು ಹೋಗ್ರಿ ಸಾವ್ಕಾರ್ರ, ಕಾಗದ ಆಮ್ಯಾಲೆ ಮಾಡೋಣು" ಎಂದು ಯಾರಾದರೂ ಸ್ನೇಹದಿಂದ ಹೇಳಿದರೆ ಆ ಸ್ನೇಹಕ್ಕೆ ಕೈ ಮುಗಿದು ಬರಿಗೈಯಲ್ಲಿ ಹಿಂದಿರುಗಿರಿ. ಪರವಾನಿಗೆಯಲ್ಲಿ ನಮೂದಾಗದ ಪಿಸ್ತೂಲು ಮನೆಯಲ್ಲಿ ಸಿಕ್ಕರೆ ಎರಡು ವರ್ಷಕ್ಕೆ ಕಡಮೆಯಿಲ್ಲದ, ಐದು ವರ್ಷದವರೆಗಿನ ಸೆರೆವಾಸ ಕಾದಿರುತ್ತದೆ. ಈ ತೊಡಕು ಬೇಡವೆನ್ನುವವರು ಪರವಾನಿಗೆಯುಳ್ಳ ಬಂದೂಕಿನ ಅಂಗಡಿಯ ಮೂಲಕ ವ್ಯವಹರಿಸಬಹುದು. ಅಂಗಡಿಯವರು ಸ್ವಲ್ಪ ಹಣವನ್ನು ತೆಗೆದುಕೊಳ್ಳುತ್ತಾರೆ. ಆದರೆ ಅವರ ದಫ್ತರದಲ್ಲಿ ಎಲ್ಲವೂ ದಾಖಲಾಗಿರುತ್ತದೆ.

ಮುನವಳ್ಳಿಯ ಮಹಾಶಯರು ಪಿಸ್ತೂಲನ್ನು ನೋಡಲು ಹೋಗುವ ಮುನ್ನವೇ ಕೇಳಬೇಕಾದ ಪ್ರಶ್ನೆಯೊಂದಿದೆ: ಅದರ ನಳಿಗೆಯ ಅಳತೆ ಎಷ್ಟು? ಮಾರುವವರು ಸೇನೆಯಲ್ಲಿದ್ದವರಾದುದರಿಂದ ಈ ಪ್ರಶ್ನೆ ಅತ್ಯಗತ್ಯ. ಸೇನೆಯ ೯ ಮಿಲಿಮೀಟರ್ ತೋಟಾಗಳನ್ನೂ ಹಳೆಯ .೪೫೫ರಂಥ ತೋಟಾಗಳನ್ನೂ ಹಾರಿಸಬಲ್ಲ ಪಿಸ್ತೂಲುಗಳು ನಿಷಿದ್ಧ ವರ್ಗಕ್ಕೆ ಸೇರಿದವು. ಜಿಲ್ಲಾಧಿಕಾರಿಗಳು ಕೊಡುವ ಸಾಧಾರಣ ಪರವಾನಿಗೆಯ ಮೇಲೆ ಅವುಗಳನ್ನು ಕೊಳ್ಳಲು ಬರುವುದಿಲ್ಲ. ನಮ್ಮಂಥವರಿಗೆ ದೊರೆಯುವುದು ಬಹುಮಟ್ಟಿಗೆ .೩೨ ಅಳತೆಯದು, ಎಂದರೆ ೭.೬೫ ಮಿಲಿಮೀಟರಿನದು. ಇನ್ನೊಂದು ಮಾತು: ೨೦೧೯ರ ತಿದ್ದುಪಡಿಯ ತರುವಾಯ ಒಬ್ಬನು ಎರಡಕ್ಕಿಂತ ಹೆಚ್ಚು ಬಂದೂಕುಗಳನ್ನು ಹೊಂದುವಂತಿಲ್ಲ. ಹೊಲ ಕಾಯಲೆಂದು ತಂದೆಯ ಕಾಲದ ತೋಡೆಬಂದೂಕು ಹೆಸರಿನಲ್ಲಿದ್ದರೆ ಅದೂ ಲೆಕ್ಕಕ್ಕೆ ಬರುತ್ತದೆ.

ಕಾಗದವಿಲ್ಲದ ಹಳೆಯ ಪಿಸ್ತೂಲು ಎಂಥ ವಸ್ತು ಎಂಬುದನ್ನು ನಮ್ಮ ದೇಶ ಬಲ್ಲದು. ೧೯೪೮ರ ಜನವರಿ ೩೦ರಂದು ಮಹಾತ್ಮರ ಎದೆಗೆ ಗುಂಡಿಕ್ಕಿದ್ದು ಇಟಲಿಯಲ್ಲಿ ತಯಾರಾದ, ಕೈಯಿಂದ ಕೈಗೆ ದಾಟಿ ಎರಡು ದಿನ ಮೊದಲಷ್ಟೇ ಗ್ವಾಲಿಯರಿನಲ್ಲಿ ಹಂತಕನ ಕೈಸೇರಿದ ಬೆರೆಟ್ಟಾ ಪಿಸ್ತೂಲು. ೨೦೧೫ರ ಆಗಸ್ಟ್ ೩೦ರಂದು ಮುನವಳ್ಳಿಯಿಂದ ದೂರವೇನೂ ಅಲ್ಲದ ಧಾರವಾಡದಲ್ಲಿ ವಿದ್ವಾಂಸರಾದ ಎಂ. ಎಂ. ಕಲಬುರ್ಗಿಯವರನ್ನು ಅವರ ಮನೆಯ ಬಾಗಿಲಲ್ಲಿಯೇ ಕೊಂದದ್ದು ೭.೬೫ ಮಿಲಿಮೀಟರಿನ ನಾಡಪಿಸ್ತೂಲು ಎಂದು ತನಿಖೆಯವರು ಹೇಳಿದರು. ಅಗ್ಗಕ್ಕೆ ಸಿಗುತ್ತದೆಂದು ಯಾವನೋ ತಂದು ತೋರಿಸುವ ಪಿಸ್ತೂಲಿನ ಹಿಂದೆ ಯಾರ ಮನೆಯ ಕಣ್ಣೀರಿದೆಯೋ ಹೇಳಲಾಗದು. ತಯಾರಕರ ಗುರುತು ಮತ್ತು ಸಂಖ್ಯೆಗಳಿಲ್ಲದ, ಸಂಖ್ಯೆಯನ್ನು ಅರದಿಂದ ಉಜ್ಜಿ ಅಳಿಸಿದ ಆಯುಧವನ್ನು ಇಟ್ಟುಕೊಳ್ಳುವುದೇ ಒಂದು ಅಪರಾಧ. ಆದುದರಿಂದ ಚೌಕಟ್ಟಿನ ಮೇಲಿನ ಸಂಖ್ಯೆ, ಮೇಲ್ಭಾಗದ ಸ್ಲೈಡಿನ ಮೇಲೆ ಸಂಖ್ಯೆಯಿದ್ದರೆ ಅದು, ಮಾರುವವರ ಪರವಾನಿಗೆಯಲ್ಲಿರುವ ಸಂಖ್ಯೆ ಇವೆಲ್ಲವೂ ಒಂದೇ ಆಗಿವೆಯೇ ಎಂದು ಕನ್ನಡಕ ಹಾಕಿಕೊಂಡು ಓದಿರಿ.

ಇನ್ನು ವಸ್ತುವಿನ ವಿಚಾರ. ೧೯೮೦ರ ದಶಕದಿಂದ ಈಚೆಗೆ ಹೊರದೇಶದ ಪಿಸ್ತೂಲುಗಳನ್ನು ವ್ಯಾಪಾರಕ್ಕಾಗಿ ತರಿಸುವುದು ನಿಂತುಹೋದದ್ದರಿಂದ, ಅದಕ್ಕೆ ಮೊದಲು ಬಂದ ಜರ್ಮನಿಯ ವಾಲ್ಥರ್, ಬೆಲ್ಜಿಯಮ್ಮಿನ ಬ್ರೌನಿಂಗ್, ಬರ್ಮಿಂಗ್‌ಹ್ಯಾಮಿನ ವೆಬ್ಲಿ ಮುಂತಾದವು ಇಂದು ಬಂಗಾರದ ಬೆಲೆಗೆ ಮಾರಾಟವಾಗುತ್ತವೆ. ಅವುಗಳ ಬೆಲೆಯಲ್ಲಿ ಉಕ್ಕಿಗೆ ಕೊಡುವುದು ಸ್ವಲ್ಪ, ಹೆಸರಿಗೆ ಕೊಡುವುದು ಹೆಚ್ಚು. ನಮ್ಮ ದೇಶದಲ್ಲಿಯೇ ಬಂಗಾಳದ ಈಶಾಪುರದ ಸರಕಾರಿ ರೈಫಲ್ ಕಾರ್ಖಾನೆಯಿಂದ ಬಂದ 'ಅಶನಿ' ಎಂಬ .೩೨ ಪಿಸ್ತೂಲೂ ಉಂಟು. ಸಾಮಾನ್ಯ ಗೃಹಸ್ಥನಿಗೆ, ಬಿಡಿಭಾಗ ದೊರೆಯುವ ಸ್ವದೇಶಿ ವಸ್ತುವೇ ಮೇಲೆಂದು ನನ್ನ ಅಭಿಪ್ರಾಯ. ಅಂದಗಾತಿಯಾದ ವಿದೇಶೀ ಪಿಸ್ತೂಲಿನ ಒಂದು ಸ್ಪ್ರಿಂಗು ಮುರಿದರೆ ಅದನ್ನು ಎಲ್ಲಿಂದ ತರುವುದು?

ಪಿಸ್ತೂಲಿನ ಹಿಡಿ, ಟ್ರಿಗರು, ತೋಟಾ ತುಂಬುವ ಮ್ಯಾಗಜಿನ್ನು ಇವೆಲ್ಲವನ್ನೂ ಹೊತ್ತು ನಿಲ್ಲುವ ಮೈಗೆ ಚೌಕಟ್ಟು ಎನ್ನೋಣ. ಈಗಿನ ಕೆಲವು ಹೊಸ ಮಾದರಿಗಳಲ್ಲಿ ಅದು ಗಟ್ಟಿ ಪ್ಲಾಸ್ಟಿಕ್ಕಿನದಾಗಿರುತ್ತದೆ. ಹಳೆಯವುಗಳಲ್ಲಿ ಉಕ್ಕಿನದು ಅಥವಾ ಅಲ್ಯುಮಿನಿಯಮ್ಮಿನ ಮಿಶ್ರಲೋಹದ್ದು. ಎರಡೂ ಕರಿಬಣ್ಣದವಾದ್ದರಿಂದ ಕಣ್ಣಿಗೆ ಭೇದ ತಿಳಿಯುವುದಿಲ್ಲ. ಮಕ್ಕಳಾಟದ ಅಯಸ್ಕಾಂತವೊಂದನ್ನು ತಗಲಿಸಿ ನೋಡಿರಿ, ಅಂಟಿಕೊಂಡರೆ ಉಕ್ಕು. ಮಿಶ್ರಲೋಹ ಹಗುರ, ತುಕ್ಕು ಹಿಡಿಯದು. ಆದರೆ ಉಕ್ಕಿನ ಸ್ಲೈಡು ಅದರ ಮೇಲೆ ಸಾವಿರಾರು ಬಾರಿ ಹಿಂದಕ್ಕೂ ಮುಂದಕ್ಕೂ ಸರಿದರೆ ಹಳಿಗಳು ಸವೆದು ಬೆಳ್ಳಗಾಗುತ್ತವೆ. ಬಣ್ಣ ಹೋದುದಷ್ಟೇ ದೋಷವಲ್ಲ. ಬೆರಳ ಉಗುರಿಗೆ ಮೆಟ್ಟಿಲಿನಂತೆ ತಗ್ಗು ಸಿಕ್ಕಿದರೆ ಬೇಡವೆನ್ನಿರಿ. ಉಕ್ಕಿನ ಚೌಕಟ್ಟು ಭಾರವಾದರೂ ಬಾಳಿಕೆಯದು. ಈ ವರ್ಗದ ಪಿಸ್ತೂಲುಗಳು ಅರ್ಧ ಕಿಲೋದಿಂದ ಮುಕ್ಕಾಲು ಕಿಲೋವರೆಗೆ ತೂಗುತ್ತವೆ. ಆ ತೂಕದಿಂದ ಹಾರಿಸುವಾಗಿನ ಒದೆತವೂ ಕಡಮೆಯಾಗುತ್ತದೆ.

ಕೈಗೆ ತೆಗೆದುಕೊಂಡ ಕೂಡಲೇ, ಮಾರುವವರು "ಖಾಲಿ ಇದೆ" ಎಂದಿದ್ದರೂ, ನಿರ್ಜನವಾದ ಗೋಡೆಯ ಕಡೆಗೆ ಬಾಯಿ ಮಾಡಿ ಮೊದಲು ಮ್ಯಾಗಜಿನ್ನನ್ನು ಹೊರತೆಗೆಯಬೇಕು. ಆಮೇಲೆ ಸ್ಲೈಡನ್ನು ಹಿಂದಕ್ಕೆಳೆದು ನಳಿಗೆಯ ಗರ್ಭವನ್ನು ಕಣ್ಣಿನಿಂದ ನೋಡಬೇಕು, ಬೆರಳಿನಿಂದ ಮುಟ್ಟಬೇಕು. ಈ ಕ್ರಮ ಹಿಂದುಮುಂದಾಗಬಾರದು. ಮ್ಯಾಗಜಿನ್ನು ಒಳಗಿರುವಾಗಲೇ ಸ್ಲೈಡನ್ನು ಎಳೆದು ಬಿಟ್ಟರೆ ಒಂದು ತೋಟಾ ಹೊರಬಿದ್ದು ಇನ್ನೊಂದು ಗರ್ಭಕ್ಕೆ ಸೇರುತ್ತದೆ. ಬಳಿಕ ಮ್ಯಾಗಜಿನ್ನನ್ನು ತೆಗೆದವನು ಖಾಲಿಯಾಯಿತೆಂದು ನಂಬುತ್ತಾನೆ. ಪಿಸ್ತೂಲಿನ ಅಪಘಾತಗಳಲ್ಲಿ ಎಷ್ಟೋ ಈ ನಂಬಿಕೆಯಿಂದ ಆದವು.

ಬಿಳಿಯ ಕಾಗದದ ಚೂರೊಂದನ್ನು ನಳಿಗೆಯ ಹಿಂತುದಿಗೆ ಹಿಡಿದು ಮುಂದಿನಿಂದ ನೋಡಿದರೆ ಒಳಗಿನ ಸುರುಳಿಗೆರೆಗಳು ಕಾಣುತ್ತವೆ. ಅವು ಚೂಪಾಗಿ ಹೊಳೆಯುತ್ತಿರಬೇಕು. ಅಲ್ಲಲ್ಲಿ ಸಿಡುಬಿನ ಕಲೆಯಂಥ ತಗ್ಗುಗಳಿದ್ದರೆ ಹಿಂದಿನ ಯಜಮಾನರು ಹಾರಿಸಿದ ಮೇಲೆ ತೊಳೆಯುತ್ತಿರಲಿಲ್ಲವೆಂದು ಅರ್ಥ. ಬಳೆಯಂತೆ ಒಂದು ಕಪ್ಪು ನೆರಳು ಕಂಡರೆ ನಳಿಗೆ ಎಲ್ಲಿಯೋ ಉಬ್ಬಿದೆ; ಅದನ್ನು ಕೊಳ್ಳಲೇಬಾರದು. ಖಾಲಿ ಪಿಸ್ತೂಲಿನ ಸೇಫ್ಟಿಯನ್ನು ಹಾಕಿ ಟ್ರಿಗರನ್ನು ಎಳೆಯಿರಿ, ಏನೂ ಆಗಬಾರದು. ಬೆರಳನ್ನು ತೆಗೆದು ಸೇಫ್ಟಿಯನ್ನು ಬಿಡಿಸಿರಿ, ಆಗಲೂ ಏನೂ ಆಗಬಾರದು. ಆ ಕ್ಷಣದಲ್ಲಿ ಸುತ್ತಿಗೆ ತಾನಾಗಿ ಬಿದ್ದರೆ ಅದು ಮನೆಗೆ ತರುವ ವಸ್ತುವಲ್ಲ. ರಬ್ಬರು ಹಚ್ಚಿದ ಪೆನ್ಸಿಲ್ಲನ್ನು, ರಬ್ಬರು ಒಳಗಾಗುವಂತೆ, ಖಾಲಿ ನಳಿಗೆಯಲ್ಲಿಳಿಸಿ ಬಾಯಿಯನ್ನು ಮೇಲ್ಮುಖವಾಗಿ ಹಿಡಿದು ಟ್ರಿಗರನ್ನು ಎಳೆದರೆ ಪೆನ್ಸಿಲ್ಲು ಚಿಮ್ಮಬೇಕು. ಮುಖ ಅದರ ನೇರಕ್ಕಿರಬಾರದು. ಒಳಗಿನ ಸೂಜಿ ಸರಿಯಾಗಿದೆಯೆಂಬುದಕ್ಕೆ ಅದು ಸಾಕ್ಷಿ. ಮ್ಯಾಗಜಿನ್ನಿನ ತುಟಿಗಳು ಬಾಗಿದ್ದರೆ ತೋಟಾ ಸಿಕ್ಕಿಬೀಳುತ್ತದೆ. ಅಸಲಿನ ಮ್ಯಾಗಜಿನ್ನುಗಳು ಎರಡಿದ್ದರೆ ಬೆಲೆಯಲ್ಲಿ ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ತೋಟಾ ಕೊಳ್ಳುವಾಗ "ತರ್ಟಿಟೂ ಕೊಡಿ" ಎಂದಷ್ಟೇ ಕೇಳಬೇಡಿರಿ. ಕಾನಪುರದ ರಿವಾಲ್ವರಿನದೂ .೩೨, ಪಿಸ್ತೂಲಿನದೂ .೩೨, ಆದರೆ ರಿವಾಲ್ವರಿನ ತೋಟಾ ಉದ್ದ, ಹಿಂದೆ ಅಂಚುಳ್ಳದ್ದು. ಒಂದರದು ಇನ್ನೊಂದಕ್ಕೆ ಆಗದು. ಪುಣೆಯ ಬಳಿಯ ಖಡಕಿ ಕಾರ್ಖಾನೆಯ ತೋಟಾಗಳು ಎಲ್ಲೆಡೆ ದೊರೆಯುತ್ತವೆ. ಹಿಂದಿನ ಯಜಮಾನರು ಉಚಿತವಾಗಿ ಕೊಡಬಯಸುವ ಹಳೆಯ ತೋಟಾಗಳನ್ನು ವಿನಯದಿಂದ ನಿರಾಕರಿಸಿರಿ.

ಈಗ ಒರೆಯ ವಿಚಾರಕ್ಕೆ ಬರೋಣ. ಅಂಗಡಿಯವರು ಇದನ್ನು ಹೋಲ್‌ಸ್ಟರ್ ಎನ್ನುತ್ತಾರೆ. ಪಿಸ್ತೂಲಿಗೆ ಲಕ್ಷ ರೂಪಾಯಿ ಎಣಿಸುವವರು ಒರೆಗೆ ಮುನ್ನೂರು ರೂಪಾಯಿ ಕೊಡಲು ಚೌಕಾಸಿ ಮಾಡುವುದು ಲೋಕರೂಢಿ. ಹಳೆಯ ಯಜಮಾನರ ಒರೆಯನ್ನೇ ಜೊತೆಗೆ ಇಸಕೊಳ್ಳುವವರೂ ಉಂಟು. ಎರಡೂ ತಪ್ಪು. ಪಿಸ್ತೂಲು ಎಷ್ಟು ಹಳೆಯದಾದರೂ ಆಗಬಹುದು, ಒರೆ ಹೊಸದೇ ಆಗಿರಬೇಕು.

ಮೊದಲನೆಯ ಕಾರಣ ಕಾನೂನು. ೨೦೧೬ರ ನಿಯಮಗಳಂತೆ ಸಾರ್ವಜನಿಕ ಸ್ಥಳದಲ್ಲಿ ಪಿಸ್ತೂಲನ್ನು ಒಯ್ಯುವವನು ಅದಕ್ಕೆಂದೇ ಮಾಡಿದ, ಮೈಗೆ ಕಟ್ಟಿಕೊಂಡ ಒರೆಯಲ್ಲಿ, ಇಲ್ಲವೆ ಬೆನ್ನಚೀಲದಂಥದರಲ್ಲಿ ಒಯ್ಯಬೇಕು. ಅದು ಸಂಪೂರ್ಣವಾಗಿ ಮುಚ್ಚಿರಬೇಕು, ಒಯ್ಯುವವನ ಹತೋಟಿಯಲ್ಲಿರಬೇಕು. ಸಿನೆಮಾದ ಜಮೀನುದಾರನಂತೆ ಹಿಡಿ ಹೊರಗೆ ಕಾಣುವ ಹಾಗೆ ಸೊಂಟಕ್ಕೆ ಸಿಕ್ಕಿಸಿಕೊಂಡು ಪೇಟೆಯಲ್ಲಿ ತಿರುಗುವುದು ನಿಯಮಕ್ಕೆ ವಿರುದ್ಧ. ಅದನ್ನು ಕಂಡು ಹೆದರುವವರಿಗಿಂತ ಅದರ ಮೇಲೆ ಕಣ್ಣಿಡುವವರೇ ಹೆಚ್ಚು ಎಂಬುದು ಬೇರೆ ಮಾತು.

ಎರಡನೆಯ ಕಾರಣ ಟ್ರಿಗರು. ಒರೆಯ ಮುಖ್ಯ ಕೆಲಸ ಪಿಸ್ತೂಲನ್ನು ಹೊರುವುದಲ್ಲ. ಟ್ರಿಗರಿಗೆ ಏನೂ ತಾಗದಂತೆ ಕಾಯುವುದು. ಹಳೆಯ ಚರ್ಮದ ಒರೆ ಮೆತ್ತಗಾಗಿ ಅದರ ಬಾಯಿ ಒಳಕ್ಕೆ ಮಡಚಿಕೊಳ್ಳುತ್ತದೆ. ಪಿಸ್ತೂಲನ್ನು ಒಳಗೆ ಒತ್ತುವಾಗ ಆ ಮಡಿಕೆಯೇ ಬೆರಳಿನಂತೆ ಟ್ರಿಗರನ್ನು ಅದುಮಿ ಗುಂಡು ಹಾರಿದ ಪ್ರಸಂಗಗಳು ನಡೆದಿವೆ. ಒಳ್ಳೆಯ ಒರೆಯ ಬಾಯಿ, ಪಿಸ್ತೂಲನ್ನು ತೆಗೆದ ಮೇಲೂ, ತೆರೆದೇ ಇರುತ್ತದೆ. ಟ್ರಿಗರಿನ ಸುತ್ತಿನ ಬಳೆ ಪೂರ್ತಿಯಾಗಿ ಮುಚ್ಚಿರುತ್ತದೆ. ಖಾಲಿ ಪಿಸ್ತೂಲನ್ನಿಟ್ಟು ಒರೆಯನ್ನು ತಲೆಕೆಳಗು ಮಾಡಿ ಅಲ್ಲಾಡಿಸಿದರೆ ಜಾರಿ ಬೀಳಬಾರದು. ಮಿಲಿಟರಿ ಸಾಮಾನಿನ ಅಂಗಡಿಗಳಲ್ಲಿ ಸಿಗುವ, ಎಲ್ಲ ಪಿಸ್ತೂಲಿಗೂ ಆಗುವ ನೈಲಾನ್ ಚೀಲಗಳು ಯಾವ ಪಿಸ್ತೂಲಿಗೂ ಸರಿಯಾಗಿ ಆಗುವುದಿಲ್ಲ.

ಧೋತರ ಉಡುವವರ ಸಮಸ್ಯೆ ನಿಜವಾದದ್ದು. ಒರೆಗಳೆಲ್ಲ ಪ್ಯಾಂಟು ಬೆಲ್ಟುಗಳ ದೇಶದಲ್ಲಿ ಹುಟ್ಟಿದವು. ಧೋತರದ ಗಂಟಿಗೆ ಮುಕ್ಕಾಲು ಕಿಲೋ ಉಕ್ಕನ್ನು ತೂಗುಹಾಕಿದರೆ ಎರಡರ ಮರ್ಯಾದೆಯೂ ಉಳಿಯದು. ಇದಕ್ಕೆ ಉಪಾಯವೆಂದರೆ ಧೋತರದ ಮೇಲೆ, ನೆಹರೂ ಶರ್ಟಿನ ಒಳಗೆ, ಒಂದೂವರೆ ಅಂಗುಲಕ್ಕೆ ಕಡಮೆಯಿಲ್ಲದ ಅಗಲದ ಗಟ್ಟಿ ಚರ್ಮದ ನಡುಪಟ್ಟಿಯನ್ನು ಕಟ್ಟಿ, ಬಲಗಡೆ ಸೊಂಟದ ಮೂಳೆಗಿಂತ ತುಸು ಹಿಂದೆ ಒರೆಯನ್ನು ಕೂಡಿಸುವುದು. ನೀಳವಾದ ಶರ್ಟು ಎಲ್ಲವನ್ನೂ ಮುಚ್ಚುತ್ತದೆ. ಒರೆಗೆ ಹೆಬ್ಬೆರಳಿನಿಂದ ಬಿಚ್ಚುವ ಗುಂಡಿಪಟ್ಟಿ ಇರಲಿ. ಶರ್ಟಿನ ಜೇಬು ಬೇಡ. ಅದು ತೂಗಾಡಿ ಬಾಗಿಲಿಗೆ ಬಡಿಯುತ್ತದೆ, ಮೇಲಾಗಿ ಅದರಲ್ಲಿ ಕೀಲಿಕೈಯೂ ಚಿಲ್ಲರೆಯೂ ಇರುತ್ತವೆ. ಕಾಲಿಗೆ ಕಟ್ಟುವ ಒರೆಯಂತೂ ಧೋತರಕ್ಕೆ ಹೇಳಿದ್ದಲ್ಲ.

ಗಾದಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತುಕೊಳ್ಳುವವರು ಎಡಗಡೆ ಮುಂಭಾಗದಲ್ಲಿ ಅಡ್ಡವಾಗಿ ಕಟ್ಟುವ ಒರೆಯನ್ನು ಇಷ್ಟಪಡುತ್ತಾರೆ. ಕುಳಿತಾಗ ಅದು ಒತ್ತುವುದಿಲ್ಲವೆಂಬುದು ನಿಜ. ಆದರೆ ಅದರ ಹಿಡಿ ಎದುರಿಗೆ ಕುಳಿತ ಗಿರಾಕಿಯ ಕಡೆಗೆ ತಿರುಗಿರುತ್ತದೆ. ತಮಗಿಂತ ಅವನ ಕೈಗೇ ಅದು ಹತ್ತಿರ. ಅಂಗಡಿಯಲ್ಲಿ ಕುಳಿತಿರುವಷ್ಟು ಹೊತ್ತು ಪಿಸ್ತೂಲು ಬೀಗ ಹಾಕಿದ ತಿಜೋರಿಯಲ್ಲಿರುವುದೇ ಲೇಸು. ಹಣದೊಡನೆ ಹೊರಡುವಾಗ ಕಟ್ಟಿಕೊಂಡರಾಯಿತು. ಕೋಟು ತೊಡುವವರಿಗೆ ಹೆಗಲಿನಿಂದ ಇಳಿಬೀಳುವ ಒರೆಯೂ ಉಂಟು. ಅದರಲ್ಲಿ ಪಿಸ್ತೂಲು ಅಡ್ಡವಾಗಿ ಮಲಗುವ ಮಾದರಿಯನ್ನು ಕೊಳ್ಳಬೇಡಿರಿ. ಮೋಟರ್‌ಸೈಕಲ್ಲಿನ ಹಿಂದೆ ಮನೆಯವರನ್ನು ಕೂರಿಸಿಕೊಂಡು ಹೊರಟರೆ ನಳಿಗೆಯ ಬಾಯಿ ದಾರಿಯುದ್ದಕ್ಕೂ ಅವರನ್ನೇ ನೋಡುತ್ತಿರುತ್ತದೆ!

ಒಳ್ಳೆಯ ಒರೆಗಾಗಿ ನಮ್ಮ ವಾಚಕರು ಮುಂಬಯಿಗೆ ಹೋಗಬೇಕಾಗಿಲ್ಲ. ಕೊಲ್ಹಾಪುರಿ ಚಪ್ಪಲಿಗೆ ೨೦೧೯ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳೊಡನೆ ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡ ಜಿಲ್ಲೆಗಳೂ ಅದರಲ್ಲಿ ಸೇರಿದವು. ಬೆಳಗಾವಿ ಜಿಲ್ಲೆಯ ಅಥಣಿಯ ಕುಶಲಿಗಳು ತಲೆಮಾರುಗಳಿಂದ ಈ ಕೆಲಸದಲ್ಲಿದ್ದಾರೆ. ಜಾಲಿಯ ತೊಗಟೆ, ಅಳಲೆಕಾಯಿಗಳಿಂದ ಹದಮಾಡಿದ ಆ ಚರ್ಮವೇ ಒರೆಗೆ ತಕ್ಕದ್ದು. ಅದು ಗಟ್ಟಿ, ನೀರಿನಲ್ಲಿ ನೆನೆಸಿ ಅಚ್ಚಿನ ಮೇಲೆ ಒತ್ತಿ ಒಣಗಿಸಿದರೆ ಆಕಾರವನ್ನು ಬಿಡದು. ಪೇಟೆಯ ಮೆತ್ತನೆಯ ಚರ್ಮವನ್ನು ಕ್ರೋಮಿಯಮ್ ಲವಣದಿಂದ ಹದಮಾಡಿರುತ್ತಾರೆ. ಅದು ಕೈಚೀಲಕ್ಕೆ ಚೆಂದ, ಉಕ್ಕಿಗೆ ಅಲ್ಲ.

ಇಲ್ಲೊಂದು ಎಚ್ಚರಿಕೆ. ಅಳತೆಗಾಗಿ ಪಿಸ್ತೂಲನ್ನು ಚರ್ಮದ ಕೆಲಸದವನ ಬಳಿ ಬಿಟ್ಟು ಬರತಕ್ಕದ್ದಲ್ಲ. ಪರವಾನಿಗೆಯಿಲ್ಲದವನ ವಶಕ್ಕೆ ಆಯುಧವನ್ನು ಕೊಟ್ಟಂತಾಗಿ ಆ ಬಡಪಾಯಿಯೂ ತಾವೂ ಕೂಡಿಯೇ ಸಿಕ್ಕಿಬೀಳುತ್ತೀರಿ. ಮನೆಯಲ್ಲಿ ಖಾಲಿ ಪಿಸ್ತೂಲನ್ನು ಕಾಗದದ ಮೇಲಿಟ್ಟು ಸುತ್ತಲೂ ಗೆರೆ ಎಳೆಯಿರಿ, ದಪ್ಪವನ್ನು ಅಳೆದು ಬರೆದುಕೊಳ್ಳಿರಿ, ಊರ ಬಡಿಗನಿಂದ ಅದೇ ಅಳತೆಯ ಮರದ ಅಚ್ಚನ್ನು ಮಾಡಿಸಿ ಅದನ್ನು ಕೊಟ್ಟು ಬನ್ನಿರಿ. ಹೊಲಿಗೆ ಜೋಡುದಾರದ್ದಾಗಿರಲಿ.

ಒರೆ ಬಂದ ಮೇಲೆ ಒಂದೆರಡು ವಾರ, ತೋಟಾಗಳನ್ನೆಲ್ಲ ಬೇರೆ ಕೋಣೆಯಲ್ಲಿಟ್ಟು ಬೀಗ ಹಾಕಿ, ಖಾಲಿ ಪಿಸ್ತೂಲಿನಿಂದ ತೆಗೆಯುವ ಇಡುವ ಅಭ್ಯಾಸವನ್ನು ಮಾಡಬೇಕು. ತೆಗೆಯುವುದಕ್ಕಿಂತ ಇಡುವುದರಲ್ಲಿ ಅಪಾಯ ಹೆಚ್ಚು. ಶರ್ಟಿನ ಅಂಚೋ ಒಳಅಂಗಿಯ ಲಾಡಿಯೋ ಟ್ರಿಗರಿಗೆ ಸಿಕ್ಕಿಕೊಳ್ಳಬಹುದು. ಎಡಗೈಯಿಂದ ಬಟ್ಟೆಯನ್ನು ಪೂರ್ತಿಯಾಗಿ ಸರಿಸಿ, ತೋರುಬೆರಳನ್ನು ನೀಳವಾಗಿ ಹೊರಗಿಟ್ಟು, ಕಣ್ಣಿನಿಂದ ನೋಡುತ್ತ ನಿಧಾನವಾಗಿ ಇಳಿಸಬೇಕು. ಹಳೆಯ ಮಾದರಿಗಳು ಕೆಳಗೆ ಬಿದ್ದರೂ ಸಿಡಿಯಬಹುದಾದ್ದರಿಂದ ಗರ್ಭದಲ್ಲಿ ತೋಟಾ ಇಡದೆ, ಮ್ಯಾಗಜಿನ್ನಿನಲ್ಲಿ ಮಾತ್ರ ತುಂಬಿಕೊಂಡು ಹೋಗುವುದೇ ನನ್ನ ಸಲಹೆ. ಪೊಲೀಸರು ಜಿಲ್ಲೆಗಳಲ್ಲಿ ನಡೆಸುವ ನಾಗರಿಕ ಬಂದೂಕು ತರಬೇತಿಯ ಶಿಬಿರಕ್ಕೆ ಹೋಗಿ ಬಂದರೆ ಕೈಯ ಭಯವೂ ಹೋಗುತ್ತದೆ, ಕೈಯ ಸೊಕ್ಕೂ ಇಳಿಯುತ್ತದೆ.

ಎಲ್ಲಿಗೆ ಒಯ್ಯಬಾರದೆಂಬುದನ್ನೂ ಪರವಾನಿಗೆಯ ಷರತ್ತುಗಳಲ್ಲಿ ಓದಿಕೊಳ್ಳಿರಿ. ಜಾತ್ರೆ, ಧಾರ್ಮಿಕ ಮೆರವಣಿಗ, ಸಭೆಗಳಿಗೂ ಶಾಲೆ ಕಾಲೇಜುಗಳ ಆವರಣಕ್ಕೂ ವಿಶೇಷ ಅಪ್ಪಣೆಯಿಲ್ಲದೆ ಒಯ್ಯಲಾಗದು. ಮುನವಳ್ಳಿಯವರಿಗೆ ಯಲ್ಲಮ್ಮನ ಗುಡ್ಡ ಹತ್ತಿರ. ಬನದ ಹುಣ್ಣಿಮೆಗೆ ಹೊರಡುವಾಗ ಪಿಸ್ತೂಲು ಮನೆಯಲ್ಲಿಯೇ ಇರಲಿ. ಕರ್ನಾಟಕಕ್ಕೆ ಮಾತ್ರ ಕೊಟ್ಟ ಪರವಾನಿಗೆ ನಿಪ್ಪಾಣಿಯನ್ನು ದಾಟಿದ ಮೇಲೆ ನಡೆಯದು. ಕೊಲ್ಹಾಪುರದ ಪೇಟೆಗೆ ಹೋಗುವವರು ಇದನ್ನು ಮರೆಯಬಾರದು. ಮದುವೆಯ ಸಂಭ್ರಮದಲ್ಲಿ ಗಾಳಿಗೆ ಗುಂಡು ಹಾರಿಸಿ ಪರರ ಜೀವಕ್ಕೆ ಅಪಾಯ ತರುವವರಿಗೆ ೨೦೧೯ರಿಂದ ಎರಡು ವರ್ಷದವರೆಗೆ ಸೆರೆ ಅಥವಾ ಒಂದು ಲಕ್ಷದವರೆಗೆ ದಂಡ, ಇಲ್ಲವೆ ಎರಡೂ.

ಇನ್ನು ತಾಯಿಯವರ ಪ್ರಶ್ನೆ. ಮನೆಗೆ ಬಂದ ಕೂಡಲೇ ಪಿಸ್ತೂಲನ್ನು ಖಾಲಿ ಮಾಡಿ, ಒರೆಯಿಂದ ತೆಗೆದು, ಎಣ್ಣೆಯ ಅರಿವೆಯಿಂದ ಒರೆಸಿ ಉಕ್ಕಿನ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಬೇಕು. ತೋಟಾಗಳಿಗೆ ಬೇರೆ ಪೆಟ್ಟಿಗೆ, ಬೇರೆ ಬೀಗ. ಒರೆಯಲ್ಲಿಯೇ ಬಿಟ್ಟರೆ ಚರ್ಮವು ಬೆವರನ್ನೂ ಮಳೆಗಾಲದ ತೇವವನ್ನೂ ಹೀರಿಕೊಂಡು ಉಕ್ಕಿಗೆ ತುಕ್ಕನ್ನೂ ಹಿತ್ತಾಳೆಯ ತೋಟಾಗಳಿಗೆ ಹಸಿರು ಕಿಲುಬನ್ನೂ ತರುತ್ತದೆ. ಕೀಲಿಕೈ ದೇವರ ಪಟದ ಹಿಂದೆ ಇರಬಾರದು. ಆ ಜಾಗ ಮನೆಯ ಮಕ್ಕಳಿಗೆಲ್ಲ ಗೊತ್ತು. ಆರು ವರ್ಷದ ಮಗುವಿಗೆ ಬೆದರಿಕೆಯಿಂದ ಪ್ರಯೋಜನವಿಲ್ಲ. ಕಂಡರೆ ಮುಟ್ಟದೆ ಬಂದು ದೊಡ್ಡವರಿಗೆ ಹೇಳಬೇಕೆಂಬ ಒಂದೇ ಮಾತನ್ನು ಮತ್ತೆ ಮತ್ತೆ ಕಲಿಸಿರಿ. ಆದರೆ ಅದನ್ನು ನಂಬಿ ಬೀಗವನ್ನು ಸಡಿಲಿಸಬೇಡಿರಿ. ಖಂಡೇನವಮಿಯ ದಿನ ಪೂಜೆಗೆ ಇಡುವುದಾದರೆ ಖಾಲಿ ಇದೆಯೆಂಬುದನ್ನು ಇಬ್ಬರು ನೋಡಿರಬೇಕು. ಅರಿಸಿನ ಕುಂಕುಮಗಳನ್ನು ಒರೆಗೆ ಹಚ್ಚಿದರೆ ಸಾಕು. ಎಣ್ಣೆಯೊಡನೆ ಕಲೆತ ಕುಂಕುಮ ಸ್ಲೈಡಿನ ಹಳಿಗಳಲ್ಲಿ ಉಸುಕಿನಂತೆ ಕೆಲಸ ಮಾಡುತ್ತದೆ.

ಗೃಹಿಣಿಯರು ತಿಳಿದಿರಬೇಕಾದ ಇನ್ನೊಂದು ಸಂಗತಿಯಿದೆ. ಅದನ್ನು ಮಾತನಾಡಲು ಯಾರಿಗೂ ಮನಸ್ಸಾಗುವುದಿಲ್ಲ. ಪರವಾನಿಗೆ ಯಜಮಾನರೊಬ್ಬರ ಹೆಸರಿನದು, ಮನೆತನದ್ದಲ್ಲ. ಅವರಿಗೆ ಏನಾದರೂ ಆದರೆ ಆ ಪಿಸ್ತೂಲನ್ನು ವೃಥಾ ವಿಳಂಬವಿಲ್ಲದೆ ಪೊಲೀಸ್ ಠಾಣೆಯಲ್ಲಾಗಲಿ ಪರವಾನಿಗೆಯುಳ್ಳ ಅಂಗಡಿಯಲ್ಲಾಗಲಿ ಠೇವಣಿಯಿಟ್ಟು ರಸೀದಿಯನ್ನು ಪಡೆಯಬೇಕು. ದುಃಖದಲ್ಲಿ ವರ್ಷಗಟ್ಟಲೆ ಕಪಾಟಿನಲ್ಲಿ ಬಿಟ್ಟರೆ ಅದು ವಿಧವೆಯ ಅಥವಾ ಮಗನ ಮೇಲಿನ ಅಪರಾಧವಾಗಿ ನಿಲ್ಲುತ್ತದೆ. ಮಗನಿಗೆ ಬೇಕಿದ್ದರೆ ಅವನು ತನ್ನ ಹೆಸರಿನಲ್ಲಿ ಅರ್ಜಿ ಹಾಕಬೇಕು. ಎಪ್ಪತ್ತು ವರ್ಷ ತುಂಬಿದ ಅಥವಾ ಇಪ್ಪತ್ತೈದು ವರ್ಷ ಆಯುಧವನ್ನು ಹೊಂದಿದ್ದ ಪರವಾನಿಗೆದಾರರು ತಾವು ಬದುಕಿರುವಾಗಲೇ ವಾರಸುದಾರನಿಗೆ ವರ್ಗಾಯಿಸಲು ಕೇಳಿಕೊಳ್ಳಬಹುದು. ಪರವಾನಿಗೆ ಐದು ವರ್ಷಕ್ಕೊಮ್ಮೆ ಮುಗಿಯುತ್ತದೆ. ಮುಗಿಯುವ ತಾರೀಖನ್ನು ಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕುವ ಕೆಲಸವನ್ನು ಮನೆಯೊಡತಿಯೇ ವಹಿಸಿಕೊಂಡರೆ ಚೆನ್ನು.

ಚುನಾವಣೆ ಘೋಷಣೆಯಾದಾಗ ಠಾಣೆಯಿಂದ ಕರೆ ಬರುವುದುಂಟು. ಚುನಾವಣೆಯ ಪ್ರಕ್ರಿಯೆ ಮುಗಿಯುವವರೆಗೆ ಆಯುಧವನ್ನು ಅಲ್ಲಿ ಒಪ್ಪಿಸಬೇಕಾಗುತ್ತದೆ. ಒಪ್ಪಿಸುವಾಗ ಪಿಸ್ತೂಲಿನ ಸಂಖ್ಯೆ, ಮ್ಯಾಗಜಿನ್ನುಗಳೆಷ್ಟು, ತೋಟಾಗಳೆಷ್ಟು ಎಂಬುದನ್ನೆಲ್ಲ ರಸೀದಿಯಲ್ಲಿ ಬರೆಯಿಸಿಕೊಳ್ಳಿರಿ. ಉಕ್ಕಿಗೆ ಎಣ್ಣೆ ಸವರಿ ಅರಿವೆಯಲ್ಲಿ ಸುತ್ತಿ ಕೊಡಿರಿ. ಅಥಣಿಯ ಒರೆಯನ್ನು ಮಾತ್ರ ಮನೆಯಲ್ಲಿಯೇ, ಒಳಗೆ ಆ ಮರದ ಅಚ್ಚನ್ನಿಟ್ಟು, ಗಾಳಿಯಾಡುವ ಕಡೆ ತೂಗುಹಾಕಿರಿ.